ತುಂಗಾ, ಭದ್ರಾ ಮತ್ತು ಒಂದು ಹಗರಿ

ಕಂಪ್ಯೂಟರ್ ನನ್ನನ್ನು ಬೈದರೆ ನನಗೇನೂ ಬೇಸರವಿಲ್ಲ. 'ನಿನಗೆ ಅನುಮತಿ ಇಲ್ಲ' ಎನ್ನಲಿ, 'ಅಂಥ ಕಡತವೇ ಇಲ್ಲ' ಎನ್ನಲಿ, ಒಂದು ಉತ್ತರವಂತೂ ಸಿಕ್ಕಿತಲ್ಲ ಎಂದು ಮುಂದಿನ ದಾರಿ ನೋಡುತ್ತೇನೆ. ನನ್ನಿಂದ ತಡೆಯಲಾಗದ್ದು ಅದು ಮಾತು ಬಿಡುವುದು. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು 'ಡಿಎಫ್' ಎಂಬ ಪುಟ್ಟ ಆಜ್ಞೆ ಬರೆದು ಎಂಟರ್ ಒತ್ತಿರುತ್ತೇನೆ. ಕರ್ಸರ್ ಕೆಳಗಿನ ಸಾಲಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಕಂಟ್ರೋಲ್-ಸಿ ಒತ್ತುತ್ತೇನೆ, ಕೇಳಿಸಿಕೊಳ್ಳುವುದಿಲ್ಲ. ಕೋಪದಿಂದ ಎರಡು ಸಲ ಒತ್ತುತ್ತೇನೆ, ಅದಕ್ಕೂ ಇಲ್ಲ. ಇನ್ನೊಂದು ಕಿಟಕಿ ತೆರೆದು ಲಾಗ್ ನೋಡಿದರೆ ಅಲ್ಲೊಂದು ಸಾಲು ಬಿದ್ದಿರುತ್ತದೆ: ಎನ್‌ಎಫ್‌ಎಸ್ ಸರ್ವರ್ ಉತ್ತರ ಕೊಡುತ್ತಿಲ್ಲ, ಇನ್ನೂ ಪ್ರಯತ್ನಿಸಲಾಗುತ್ತಿದೆ.

ಆ ಸಾಲಿನಲ್ಲಿ ಯಾರ ಮೇಲೂ ದೂರಿಲ್ಲ, ಗಡುವಿಲ್ಲ. ಎಷ್ಟು ಸಲ ಪ್ರಯತ್ನಿಸಿದೆ, ಇನ್ನೆಷ್ಟು ಹೊತ್ತು ಎಂಬ ಲೆಕ್ಕವೂ ಇಲ್ಲ. ಸರ್ವರ್ ಹತ್ತು ನಿಮಿಷಕ್ಕೆ ಬರಲಿ, ನಾಳೆ ಬೆಳಿಗ್ಗೆ ಬರಲಿ, ಬಂದ ತಕ್ಷಣ 'ಸರ್ವರ್ ಸರಿಯಾಗಿದೆ' ಎಂದು ಇನ್ನೊಂದು ಸಾಲು ಬರೆದು, ನಡುವೆ ಏನೂ ನಡೆದೇ ಇಲ್ಲವೆಂಬಂತೆ ನನ್ನ ಪ್ರಶ್ನೆಗೆ ಉತ್ತರ ಚೆಲ್ಲುತ್ತದೆ. ಅಷ್ಟರಲ್ಲಿ ನಾನು ಯಾಕೆ ಕೇಳಿದ್ದೆ ಎಂಬುದೇ ನನಗೆ ಮರೆತಿರುತ್ತದೆ. ಅದಕ್ಕೆ ಮರೆತಿರುವುದಿಲ್ಲ. ಒಂದು ಕಾಲಕ್ಕೆ ಹೀಗೆ ಕಾಯುತ್ತ ಕೂತ ಪ್ರೋಗ್ರಾಮನ್ನು ಕೊಲ್ಲುವುದೂ ಸಾಧ್ಯವಿರಲಿಲ್ಲ. 'ಕಿಲ್ ಮೈನಸ್ ನೈನ್' ಎಂಬ ನಮ್ಮ ಬ್ರಹ್ಮಾಸ್ತ್ರವೂ ಅದಕ್ಕೆ ತಾಗುತ್ತಿರಲಿಲ್ಲ. 2008ರಲ್ಲಿ ಬಂದ ಲಿನಕ್ಸ್ 2.6.25ರ ಮೇಲೆ ಆ ಒಂದು ಅಸ್ತ್ರಕ್ಕೆ ಮಾತ್ರ ಅದು ಬಗ್ಗತೊಡಗಿತು.

ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಫೈಲ್ ಸಿಸ್ಟಮ್ 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಿಂದ ಬಂದದ್ದು. ಎಲ್ಲೋ ಇರುವ ಒಂದು ಯಂತ್ರದ ಡಿಸ್ಕನ್ನು ಹತ್ತಾರು ಯಂತ್ರಗಳು ತಮ್ಮ ಹೊಟ್ಟೆಯೊಳಗಿನ ಡಿಸ್ಕೇ ಎಂಬಂತೆ ಬಳಸುವ ಏರ್ಪಾಟು ಅದು. ಹಾಗೆ ಜೋಡಿಸಿಕೊಳ್ಳುವುದನ್ನು ನಾವು ಮೌಂಟ್ ಮಾಡುವುದು ಎನ್ನುತ್ತೇವೆ. ಸನ್ ಕಂಪನಿಯನ್ನು 1982ರಲ್ಲಿ ಕಟ್ಟಿದ ನಾಲ್ವರಲ್ಲಿ ವಿನೋದ್ ಖೋಸ್ಲಾ ಒಬ್ಬರು. 2010ರಲ್ಲಿ ಒರ್ಯಾಕಲ್ ಅದನ್ನು ಕೊಂಡು ನುಂಗಿತು. ಕಂಪನಿ ಹೋಯಿತು, ಅದು ಬಿಟ್ಟುಹೋದ ಏರ್ಪಾಟು ಇನ್ನೂ ಪ್ರಯತ್ನಿಸುತ್ತಲೇ ಇದೆ.

ಅದನ್ನು ಕಟ್ಟಿದವರು ಒಂದು ಜಾಣತನ ಮಾಡಿದ್ದರು. ಸರ್ವರಿಗೆ ನೆನಪನ್ನೇ ಇಡಲಿಲ್ಲ. ಯಾರು ಕೇಳಿದರು, ಯಾವ ಕಡತವನ್ನು ಎಲ್ಲಿಯವರೆಗೆ ಓದಿದರು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಪ್ರತಿ ಸಲವೂ ಕೇಳುವವನೇ ಪೂರ್ತಿ ವಿವರ ಹೇಳಿ ಕೇಳಬೇಕು. ಇದರ ಲಾಭ ಗೊತ್ತಾಗುವುದು ಸರ್ವರ್ ಬಿದ್ದಾಗ. ಎದ್ದ ಮೇಲೆ ಅದು ಏನನ್ನೂ ಜ್ಞಾಪಿಸಿಕೊಳ್ಳಬೇಕಾಗಿಲ್ಲ. ಕಾಯುತ್ತಿದ್ದವನು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೆ ಮುಗಿಯಿತು. 1995ರ ಮೂರನೇ ಆವೃತ್ತಿಯವರೆಗೂ ಇದೇ ಶಿಸ್ತು. ನಾಲ್ಕನೇ ಆವೃತ್ತಿಗೆ ನೆನಪು ಬಂತು, ನೆನಪಿನ ಜೊತೆಗೆ ಬರುವ ತಾಪತ್ರಯಗಳೂ ಬಂದವು. ಆದರೂ ಮೂಲ ಸ್ವಭಾವ ಬದಲಾಗಲಿಲ್ಲ. ಮುಂದೆ ನಿಂತು ಹೆಸರು ಮಾಡುವುದು ಸರ್ವರ್. ವ್ಯವಸ್ಥೆಯನ್ನು ಹೊತ್ತು ನಿಂತವನು ಕಾಯುವವನು.

ಇಂಥ ಯಂತ್ರಗಳ ಗುಂಪೊಂದನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಯಂತ್ರಗಳಿರುವುದು ಬೆಂಗಳೂರಿನಲ್ಲಿ. ಕೊರೊನಾ ಕಾಲದಲ್ಲಿ ಸಿರುಗುಪ್ಪಕ್ಕೆ ಬಂದ ನಾನು ಈಗಲೂ ತಿಂಗಳಲ್ಲಿ ಅರ್ಧ ಇಲ್ಲೇ ಇರುತ್ತೇನೆ. ಇಲ್ಲಿ ನನ್ನ ಜೊತೆ ಓದಿದವರಲ್ಲಿ ಒಬ್ಬ ರೈಸ್ ಮಿಲ್ ನೋಡುತ್ತಾನೆ, ಒಬ್ಬನದು ಗೊಬ್ಬರದ ಅಂಗಡಿ, ಇನ್ನೊಬ್ಬ ಭತ್ತ ಕೊಯ್ಯುವ ಮಿಷನ್ ಬಾಡಿಗೆಗೆ ಬಿಡುತ್ತಾನೆ. ಅವರ ಉದ್ಯೋಗ ಏನೆಂದು ಯಾರೂ ಕೇಳುವುದಿಲ್ಲ. ನನ್ನದನ್ನು ಎಲ್ಲರೂ ಕೇಳುತ್ತಾರೆ. "ಸರ್ವರ್ ನೋಡ್ಕೊಂತೀನಿ" ಎಂದರೆ ಮಾತ್ರ ಎಲ್ಲರ ಮುಖವೂ ಅರಳುತ್ತದೆ. ಸರ್ವರ್ ಯಾರಿಗೆ ಗೊತ್ತಿಲ್ಲ? ಪಹಣಿ ತೆಗೆಸಲು ಹೋದಾಗ ಇರದಿರುವುದು, ರೇಷನ್ ಅಂಗಡಿಯ ಸಾಲಿನಲ್ಲಿ ನಮ್ಮ ಸರದಿ ಬಂದಾಗ ಹೋಗುವುದು. ಒಗ್ಗರಣಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಹಿರಿಯರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. "ತಮ್ಮಾ, ಮೊನ್ನೆ ನನ್ನ ಹೆಬ್ಬಟ್ಟು ತಗಳ್ಳಿಲ್ಲ. ಸರ್ವರ್ ಇಲ್ಲ ಅಂದ್ರು. ನೀನೆಲ್ಲಿಗೆ ಹೋಗಿದ್ದಿ?"

ಆ ಸರ್ವರಿಗೂ ನನಗೂ ಸಂಬಂಧವಿಲ್ಲವೆಂದು ಹೇಳಿದೆ. ಅವರು ನಂಬಲಿಲ್ಲ. ಮೊಮ್ಮಗಳ ಮದುವೆಯ ಹೊತ್ತಿಗಾದರೂ ಸರಿ ಮಾಡಿಡು ಎಂದು ಹೇಳಿ ಮಿರ್ಚಿಯ ದುಡ್ಡನ್ನು ತಾವೇ ಕೊಟ್ಟರು. ಲಂಚ ಕೊಟ್ಟ ಮೇಲೆ ಕೆಲಸ ಆಗಲೇಬೇಕಲ್ಲ, ಅದಕ್ಕೇ ಆ ಅಂಗಡಿಯ ಮುಂದೆ ಹಾಯುವುದನ್ನು ಸ್ವಲ್ಪ ದಿನ ಬಿಟ್ಟಿದ್ದೇನೆ.

ಬೆಂಗಳೂರಿನ ಯಂತ್ರಗಳ ಮೇಲೆ ಹೊಸ ಪ್ರಯೋಗ ಮಾಡುವಂತಿಲ್ಲ. ಅದಕ್ಕಾಗಿ ಮನೆಯ ಪಡಸಾಲೆಯ ಮೂಲೆಯಲ್ಲಿ ಎರಡು ಹಳೆಯ ಡೆಸ್ಕ್‌ಟಾಪ್ ಜೋಡಿಸಿ ನನ್ನದೇ ಒಂದು ಕ್ಲಸ್ಟರ್ ಕಟ್ಟಿಕೊಂಡಿದ್ದೇನೆ. ಯಂತ್ರಗಳಿಗೆ ಹೆಸರಿಡುವುದು ನಮ್ಮ ವೃತ್ತಿಯ ಏಕೈಕ ಕಲಾತ್ಮಕ ಕೆಲಸ. ಕೆಲವರು ಗ್ರಹಗಳ ಹೆಸರಿಡುತ್ತಾರೆ, ಕೆಲವರು ಸಿನಿಮಾ ನಾಯಕಿಯರ ಹೆಸರಿಡುತ್ತಾರೆ. ನಾನು ಒಂದಕ್ಕೆ ತುಂಗಾ, ಇನ್ನೊಂದಕ್ಕೆ ಭದ್ರಾ ಎಂದಿಟ್ಟೆ. ಇಬ್ಬರಿಗೂ ಅವರವರ ವಿಳಾಸಗಳಿವೆ. ಅದಲ್ಲದೆ ಮೂರನೆಯ ವಿಳಾಸವೊಂದಿದೆ. ಅದು ಯಾವ ಯಂತ್ರಕ್ಕೂ ಸೇರಿದ್ದಲ್ಲ, ಆ ಹೊತ್ತಿಗೆ ಯಾರು ಕೆಲಸ ಮಾಡುತ್ತಿದ್ದಾರೋ ಅವರ ಹೆಗಲೇರಿ ಕೂರುತ್ತದೆ. ಅದರ ಹೆಸರು ತುಂಗಭದ್ರಾ. ಮನೆಯ ಲ್ಯಾಪ್‌ಟಾಪು, ಟಿವಿ, ಫೋನುಗಳಿಗೆಲ್ಲ ಗೊತ್ತಿರುವುದು ತುಂಗಭದ್ರಾ ಒಂದೇ. ಕೂಡಲಿಯ ಕೆಳಗೆ ಹೊಳೆಯಲ್ಲಿ ಮುಳುಗು ಹಾಕುವವನು ಈ ನೀರು ತುಂಗೆಯದೋ ಭದ್ರೆಯದೋ ಎಂದು ಕೇಳುತ್ತಾನೆಯೇ? ಇಷ್ಟು ಚೆಂದದ ಹೆಸರುಗಳನ್ನು ಇಟ್ಟಿದ್ದಕ್ಕೆ ನನ್ನನ್ನು ಹೊಗಳುವವರು ಯಾರಾದರೂ ಸಿಗುತ್ತಾರೆಂದು ಬಹಳ ದಿನ ಕಾದೆ. ಅವ್ವ ಕೇಳಿದ್ದು ಬೇರೆಯೇ.

"ಇವು ಎರಡೂ ಯಾಕ ಉರೀತಾವಪ?"

"ಒಂದು ಕೆಲಸ ಮಾಡ್ತೈತಬೇ. ಅದು ಬಿದ್ರ ಇನ್ನೊಂದು ಮಾಡ್ತೈತಿ."

"ಅದು ಬೀಳೋತನ ಇದೇನ್ ಮಾಡ್ತೈತಿ?"

"ಅದರ ಉಸಿರು ಆಡ್ತೈತೋ ಇಲ್ಲೋ ಅಂತ ನೋಡ್ತಿರ್ತೈತಿ."

"ಅಂದ್ರ ಸುಮ್ನ ಕುಂತೈತಿ."

ನಾನು ಹೌದೆಂದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಆ್ಯಕ್ಟಿವ್-ಪ್ಯಾಸಿವ್ ಎನ್ನುತ್ತಾರೆ, ಕೊರೋಸಿಂಕ್ ಎಂಬ ತಂತ್ರಾಂಶ ಸೆಕೆಂಡು ಬಿಡದೆ ಇಬ್ಬರ ನಾಡಿ ನೋಡುತ್ತದೆ, ಪೇಸ್‌ಮೇಕರ್ ಎಂಬುದು ಯಾರು ಏನು ಮಾಡಬೇಕೆಂದು ತೀರ್ಮಾನಿಸುತ್ತದೆ ಎಂದೆಲ್ಲ ಹೇಳಲು ಬಾಯಿ ತೆರೆದೆ. ಅವ್ವ ಅಷ್ಟರಲ್ಲಿ ಮುಂದಿನ ಪ್ರಶ್ನೆಗೆ ಹೋಗಿದ್ದಳು. "ಕುಂತಿದ್ದಕ್ಕೂ ಕರೆಂಟ್ ಬಿಲ್ಲಾ?"

ಎರಡು ಯಂತ್ರಗಳ ಕ್ಲಸ್ಟರಿನಲ್ಲಿ ಒಂದು ಅಪಾಯವಿದೆ. ತುಂಗಾ ಸುಮ್ಮನಾದರೆ ಭದ್ರೆಗೆ ಗೊತ್ತಾಗುವುದು ತುಂಗಾ ಮಾತಾಡುತ್ತಿಲ್ಲ ಎಂಬುದಷ್ಟೆ. ಸತ್ತಿದ್ದಾಳೋ ಬದುಕಿದ್ದಾಳೋ ಗೊತ್ತಾಗುವುದಿಲ್ಲ. ಬದುಕಿಯೇ ಇದ್ದು ಡಿಸ್ಕಿನ ಮೇಲೆ ಬರೆಯುತ್ತಿದ್ದರೆ, ಈ ಕಡೆ ಭದ್ರೆಯೂ ಬರೆಯತೊಡಗಿದರೆ, ಎರಡು ಕಡೆಯ ಲೆಕ್ಕವೂ ಕೆಟ್ಟು ಹೋಗುತ್ತದೆ. ಅದಕ್ಕೆ ನಮ್ಮವರು ಕಂಡುಕೊಂಡಿರುವ ಉಪಾಯ ಕ್ರೂರವಾದದ್ದು. ಅನುಮಾನ ಬಂದರೆ ಮೊದಲು ಇನ್ನೊಬ್ಬನ ಕರೆಂಟು ಕಿತ್ತುಬಿಡು, ಸತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು ಆಮೇಲೆ ಅಧಿಕಾರ ವಹಿಸಿಕೋ. ಇದರ ಹೆಸರು ಸ್ಟೋನಿತ್. ಬಿಡಿಸಿ ಹೇಳಿದರೆ ಇನ್ನೊಬ್ಬನ ತಲೆಗೆ ಗುಂಡಿಡು ಎಂಬ ಸೂಚನೆ. ದೊಡ್ಡ ದೊಡ್ಡ ಬ್ಯಾಂಕುಗಳ ಯಂತ್ರಗಳೂ ಈ ವಿಧಿಯನ್ನೇ ನೆಚ್ಚಿಕೊಂಡಿವೆ. ಅದಕ್ಕೆಂದೇ ದೂರದಿಂದ ವಿದ್ಯುತ್ ಕಡಿಯುವ ಸಾಧನಗಳು ಸಿಗುತ್ತವೆ.

ನಮ್ಮ ಮನೆಯಲ್ಲಿ ಆ ಸಾಧನ ಕೊಳ್ಳುವ ಪ್ರಸಂಗವೇ ಬರಲಿಲ್ಲ. ಒಂದು ಮಧ್ಯಾಹ್ನ, ಬಳ್ಳಾರಿ ಸೀಮೆಯ ಬಿಸಿಲು ಮಾಳಿಗೆಯಿಂದ ಕೆಳಗಿಳಿದು ಪಡಸಾಲೆಯಲ್ಲೇ ಮಲಗಿದ್ದ ಹೊತ್ತು, ನಾನು ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ತೆರೆದಿದ್ದ ಕಡತ ತಟಸ್ಥವಾಯಿತು. ಲಾಗಿನಲ್ಲಿ ಆ ಪರಿಚಿತ ಸಾಲು ಬಂತು. ಸ್ವಲ್ಪ ಹೊತ್ತಿಗೆ ಸರ್ವರ್ ಸರಿಯಾಗಿದೆ ಎಂಬ ಸಾಲೂ ಬಂತು, ಕೆಲಸ ಮುಂದುವರಿಯಿತು. ಹೊರಗೆ ಬಂದು ನೋಡಿದರೆ ತುಂಗೆಯ ಸ್ವಿಚ್ಚು ಆರಿದೆ, ಭದ್ರಾ ಗಿರ್ರೆನ್ನುತ್ತಿದೆ, ಪಕ್ಕದಲ್ಲಿ ಅವ್ವ ಅಕ್ಕಿ ಆರಿಸುತ್ತ ಕೂತಿದ್ದಾಳೆ. "ಪಾಪ, ಅದು ಭಾಳ ಬಿಸಿ ಆಗಿತ್ತು. ಮುಂಜಾನಿಂದ ಅದೊಂದೇ ದುಡೀತೈತಿ. ಅದಕ್ಕ ಸ್ವಲ್ಪ ಹೊತ್ತು ಆರಿಸಿದೆ. ಕುಂತಿದ್ದು ಮಾಡ್ಲಿ" ಎಂದಳು. ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿರುವ ಪರೀಕ್ಷೆಯನ್ನು ಅವಳು ತೋರುಬೆರಳಿನಲ್ಲಿ ಮುಗಿಸಿದ್ದಳು. ಭದ್ರಾ ಪಾಸಾಗಿದ್ದಳು.

ಹೀಗೆ ಪಾಸಾಗಲು ಹಿಂದೆ ಎಷ್ಟು ಏರ್ಪಾಟು ಬೇಕೆಂಬುದು ಅವ್ವನಿಗೆ ಗೊತ್ತಿಲ್ಲ. ನನಗೆ ಗೊತ್ತು, ಆದರೆ ಹೇಳಿಕೊಳ್ಳಲು ಜನ ಸಿಗುವುದಿಲ್ಲ. ತುಂಗೆಯ ಡಿಸ್ಕಿನ ಮೇಲೆ ಬಿದ್ದ ಪ್ರತಿಯೊಂದು ಅಕ್ಷರವೂ ಡಿಆರ್‌ಬಿಡಿ ಎಂಬ ತಂತ್ರಾಂಶದ ಮೂಲಕ ಆಗಲೇ ಭದ್ರೆಯಲ್ಲೂ ಬಿದ್ದಿರಬೇಕು. ತುಂಗೆ ಹೋದ ಕೂಡಲೇ ಭದ್ರೆ ತನ್ನ ಕಡೆಯ ಪ್ರತಿಯನ್ನು ಮುಖ್ಯವೆಂದು ಘೋಷಿಸಿ, ಮೌಂಟ್ ಮಾಡಿ, ಎನ್‌ಎಫ್‌ಎಸ್ ಎಬ್ಬಿಸಿ, ಯಾವ ಕಡತಗಳು ಯಾರಿಗೆ ಎಂದು ತೆರೆದಿಟ್ಟು, ಎಲ್ಲ ಮುಗಿದ ಮೇಲೆ ಕೊನೆಗೆ ತುಂಗಭದ್ರಾ ಎಂಬ ವಿಳಾಸವನ್ನು ಹೆಗಲಿಗೇರಿಸಿಕೊಳ್ಳಬೇಕು. ಈ ಕ್ರಮ ತಪ್ಪಬಾರದು. ಒಳಗಿನ ಸಿದ್ಧತೆ ಮುಗಿಯುವ ಮೊದಲೇ ಹೆಸರು ಹೊತ್ತುಕೊಂಡರೆ ಬಂದವರಿಗೆ ಏನು ಕೊಡುವುದು? ನಮ್ಮಲ್ಲಿ ಎಷ್ಟೋ ಕಚೇರಿಗಳು ಮೊದಲು ಬೋರ್ಡು ತೂಗುಹಾಕಿ ಆಮೇಲೆ ಕುರ್ಚಿ ಹುಡುಕುವುದನ್ನು ನೋಡಿದಾಗ, ಪೇಸ್‌ಮೇಕರಿನ ಸಂರಚನಾ ಕಡತದ ಆ ನಾಲ್ಕೈದು ಸಾಲುಗಳನ್ನು ಅಚ್ಚು ಹಾಕಿಸಿ ಹಂಚೋಣ ಎನ್ನಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಹಂಚಿಕೊಟ್ಟ ಕಡತವ್ಯವಸ್ಥೆಗೆ 'ಎಫ್‌ಎಸ್‌ಐಡಿ' ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ. ಎರಡೂ ಯಂತ್ರಗಳಲ್ಲಿ ಅದು ಒಂದೇ ಇದ್ದರೆ ಕಾಯುತ್ತಿದ್ದವನಿಗೆ ಮಾಲೀಕ ಬದಲಾದದ್ದು ತಿಳಿಯುವುದೇ ಇಲ್ಲ. ಬೇರೆ ಬೇರೆ ಇದ್ದರೆ, ಅಷ್ಟು ಹೊತ್ತು ನಿಷ್ಠೆಯಿಂದ ಕಾದವನ ಕೈಯಲ್ಲಿದ್ದ ಚೀಟಿ ಒಮ್ಮೆಗೇ ರದ್ದು; ಸ್ಟೇಲ್ ಫೈಲ್ ಹ್ಯಾಂಡಲ್ ಎಂದು ಮುಖಕ್ಕೆ ಹೊಡೆದಂತೆ ಉತ್ತರ. ನಾಲ್ಕನೇ ಆವೃತ್ತಿಯಲ್ಲಿ ಇನ್ನೂ ಒಂದು ಸೌಜನ್ಯ ಸೇರಿದೆ. ಹೊಸದಾಗಿ ಎದ್ದ ಸರ್ವರ್ ಸಾಮಾನ್ಯವಾಗಿ 90 ಸೆಕೆಂಡು ಹೊಸಬರನ್ನು ತಡೆದು ನಿಲ್ಲಿಸಿ, ಯಾರ ಹತ್ತಿರ ಯಾವ ಬೀಗವಿತ್ತೆಂದು ಹಳಬರು ಬಂದು ಹೇಳಿಕೊಳ್ಳಲು ಬಿಡುತ್ತದೆ. ಕಾದವರಿಗೆ ಮೊದಲ ಮರ್ಯಾದೆ.

ಇದನ್ನೆಲ್ಲ ಸರಿಯಾಗಿ ಅರ್ಥ ಮಾಡಿಕೊಂಡವನು ಸಿರುಗುಪ್ಪದಲ್ಲಿ ನಮ್ಮ ಮಾಮ ಒಬ್ಬನೇ. ಅವನ ಹೊಲ ತುಂಗಭದ್ರಾ ಕೆಳಮಟ್ಟದ ಕಾಲುವೆಯ, ನಾವು ಎಲ್‌ಎಲ್‌ಸಿ ಎನ್ನುವುದರ, ಒಂದು ವಿತರಣಾ ಕಾಲುವೆಯ ಕೊನೇ ತೂಬಿನ ಕೆಳಗಿದೆ. ಕಾಲುವೆಯ ಕೊನೇ ಭಾಗದ ರೈತನಿಗೆ ಯಾವ ಪಾಠವನ್ನೂ ಹೊಸದಾಗಿ ಹೇಳಬೇಕಾಗಿಲ್ಲ. ಡ್ಯಾಮಿನಲ್ಲಿ ನೀರಿರುತ್ತದೆ. ಐಸಿಸಿ ಎಂಬ ನೀರಾವರಿ ಸಲಹಾ ಸಮಿತಿಯ ಸಭೆ ಆಗಿರುತ್ತದೆ, ನೀರು ಬಿಡುವ ತಾರೀಕು ಪೇಪರಿನಲ್ಲಿ ಬಂದಿರುತ್ತದೆ. ತಾರೀಕಿಗೆ ಸರಿಯಾಗಿ ಮೇಲಿನವರ ಗದ್ದೆಗೆ ನೀರು ನುಗ್ಗಿರುತ್ತದೆ. ಮಾಮನ ತೂಬಿನ ಮುಂದೆ ಮಾತ್ರ ಕಳೆದ ಸಲದ ಕೆಸರು ಒಣಗಿ ಬಿರಿದಿರುತ್ತದೆ. ತೂಬು ನೋಡಿಕೊಳ್ಳುವ ಲಸ್ಕರನ್ನು ಕೇಳಿದರೆ "ಬರ್ತೈತಿ" ಎನ್ನುತ್ತಾನೆ. ಹತ್ತು ದಿನ ಬಿಟ್ಟು ಹತ್ತು ದಿನ ನಿಲ್ಲಿಸುವ 'ಆನ್ ಅಂಡ್ ಆಫ್' ಶುರುವಾದರಂತೂ, ಆನ್ ಆದ ನೀರು ಮಾಮನ ಹೊಲ ಮುಟ್ಟುವ ಹೊತ್ತಿಗೆ ಮೇಲೆ ಆಫ್ ಆಗಿರುತ್ತದೆ.

ನಾನು ಹಾರ್ಡ್ ಮೌಂಟ್, ಸಾಫ್ಟ್ ಮೌಂಟ್ ಎಂಬ ಎರಡು ಬಗೆಗಳನ್ನು ಅವನಿಗೆ ಹೇಳಿದೆ. ಮೊದಲನೆಯದು ಉತ್ತರ ಬರುವತನಕ ಕಾಯುತ್ತದೆ. ಎರಡನೆಯದು ಸ್ವಲ್ಪ ಹೊತ್ತು ನೋಡಿ, ಆಗಲಿಲ್ಲ ಎಂದು ಮೇಲಿನವರಿಗೆ ಹೇಳಿ ಕೈ ತೊಳೆದುಕೊಳ್ಳುತ್ತದೆ. ಪ್ರತಿ ಪ್ರಯತ್ನಕ್ಕೆ ಎಷ್ಟು ಹೊತ್ತು ಎಂಬುದನ್ನು 'ಟೈಮಿಯೊ' ಎಂಬ ಕಡೆ ಬರೆದಿಡುತ್ತೇವೆ. ಅಲ್ಲಿ 600 ಎಂದು ಬರೆದರೆ ಅದು 60 ಸೆಕೆಂಡು. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಯಾಕೆ ಹಾಗೆ ಎಂದು ಕೇಳಬಾರದು, ಎಕರೆಯನ್ನು ಗುಂಟೆಯಲ್ಲಿ ಅಳೆಯುವವರು ಕೇಳಲೇಬಾರದು. ಮೇಲುನೋಟಕ್ಕೆ ಸಾಫ್ಟ್ ಮೌಂಟೇ ನಾಗರಿಕವಾದದ್ದೆಂದು ತೋರುತ್ತದೆ. ಯಾರನ್ನೂ ಕಟ್ಟಿಹಾಕುವುದಿಲ್ಲ, ಕರ್ಸರ್ ವಾಪಸ್ಸು ಬರುತ್ತದೆ. ಆದರೆ ಅರ್ಧ ಬರೆದ ಕಡತ ಅರ್ಧಕ್ಕೇ ನಿಲ್ಲುತ್ತದೆ. ಬರೆಸಿದ ಪ್ರೋಗ್ರಾಮು ಉತ್ತರವನ್ನು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಯಾರಿಗೂ ಗೊತ್ತಾಗದಂತೆ ದತ್ತಾಂಶ ಕೆಡುತ್ತದೆ. ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ಬೆಲೆಬಾಳುವ ಬರವಣಿಗೆ ಇರುವಲ್ಲಿ ಎಲ್ಲರೂ ಹಾರ್ಡ್ ಮೌಂಟನ್ನೇ ಹಾಕುತ್ತಾರೆ.

ಮಾಮ ಬೀಡಿ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರ ನಾನು ಹಾರ್ಡು" ಎಂದ. "ನೀನು ಸಾಫ್ಟು. ಎರಡು ಬೆಳೆ ಕೈ ಕೊಟ್ಟಿದ್ದಕ್ಕ ನಿಮ್ಮಪ್ಪ ನಿನ್ನ ಬೆಂಗಳೂರು ಬಸ್ ಹತ್ತಿಸಿದ್ನಲ್ಲ ಅಳಿಯಾ."

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ತಿಂಗಳ ಮೊದಲ ತಾರೀಕಿಗೆ ಸಂಬಳ ಬೀಳುವ ಮನುಷ್ಯ ಕಾಯುವಿಕೆಯ ಬಗ್ಗೆ ಉಪನ್ಯಾಸ ಕೊಟ್ಟರೆ ಇನ್ನೇನಾಗುತ್ತದೆ? ನಾನು ಮಾತು ತಿರುಗಿಸಿ, ಹೀಗೆ ಕಾಯುತ್ತ ಕೂತರೆ ಬೆಳೆ ಒಣಗುವುದಿಲ್ಲವೇ ಎಂದು ಕೇಳಿದೆ. ಮಾಮ ನಕ್ಕ. "ಕಾಯೋದು ಬ್ಯಾರೆ, ಕೈ ಕಟ್ಕೊಂಡು ಕುಂದ್ರೋದು ಬ್ಯಾರೆ. ಹಳ್ಳಕ್ಕ ಎಂಜಿನ್ ಹಚ್ಚೀನಿ ನೋಡ್ಲಿಲ್ಲೇನು?" ನೋಡಿದ್ದೆ. ಕಾಲುವೆ ಬಾರದ ದಿನ ಹಳ್ಳದ ದಂಡೆಯ ಡೀಸೆಲ್ ಎಂಜಿನ್ನಿನಿಂದ ಪೈಪು ಬಂದು ಅದೇ ಮಡಿಗೆ ನೀರು ಬೀಳುತ್ತದೆ. ಭತ್ತಕ್ಕೆ ತನ್ನ ಬುಡಕ್ಕೆ ಬಂದದ್ದು ಯಾವ ನೀರೆಂದು ಗೊತ್ತಿಲ್ಲ. ಒಂದು ಬಿದ್ದರೂ ಕೆಲಸ ನಿಲ್ಲದಂಥ ಏರ್ಪಾಟಿಗೆ ಹೈ ಅವೈಲಬಿಲಿಟಿ ಎಂಬ ಹೆಸರು ಹುಟ್ಟುವ ಮೊದಲೇ ಮಾಮ ಅದನ್ನು ಕಟ್ಟಿಕೊಂಡಿದ್ದ. ಮಾಮನಿಗಿಂತಲೂ ಮೊದಲು ವಿಜಯನಗರದವರು ಕಟ್ಟಿದ್ದರು. ಕೆಂಚನಗುಡ್ಡದ ಹತ್ತಿರ ಹೊಳೆಗೆ ಅಡ್ಡಲಾಗಿ ಹಳೆಯ ಕಲ್ಲಿನ ಕಟ್ಟೆ ಇದೆ. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಎಂಬ ಆ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ನಮ್ಮೂರ ಸುತ್ತ ಇಷ್ಟೊಂದು ಭತ್ತ, ಇಷ್ಟೊಂದು ರೈಸ್ ಮಿಲ್ಲು ಇರುವುದಕ್ಕೆ, ಹಳೆಯ ದಾರಿಯನ್ನು ಮುಚ್ಚದೆ ಹೊಸ ದಾರಿಯನ್ನು ಪಕ್ಕದಲ್ಲಿ ತೋಡಿದ್ದೂ ಒಂದು ಕಾರಣ.

ಹಳೆಯದು ಹೊಸದು ಅಕ್ಕಪಕ್ಕ ನಿಲ್ಲುವ ಮಾತು ಬಂದಾಗ ನನಗೆ ಆಯುಧಪೂಜೆ ನೆನಪಾಗುತ್ತದೆ. ಬೆಂಗಳೂರಿನ ನಮ್ಮ ಯಂತ್ರಗಳಿರುವ ಕೋಣೆಯಲ್ಲಿ ಹಬ್ಬದ ದಿನ ರ್‍ಯಾಕುಗಳಿಗೆಲ್ಲ ಅರಿಶಿನ ಕುಂಕುಮ, ಬಾಗಿಲಿಗೆ ಬಾಳೆಕಂದು. ಕರ್ಪೂರ ಹಚ್ಚುವಂತಿಲ್ಲ. ಹೊಗೆ ಕಂಡರೆ ಬೆಂಕಿ ಆರಿಸುವ ಅನಿಲ ಕೋಣೆಗೆ ನುಗ್ಗುತ್ತದೆ, ಸೈರನ್ ಕೂಗುತ್ತದೆ. ಹೀಗಾಗಿ ಮಂಗಳಾರತಿ ಕಾರಿಡಾರಿನಲ್ಲಿ, ಗಾಜಿನ ಆಚೆಯಿಂದ. ಒಳಗಿರುವ ದೇವರ ಹೆಸರೂ ಗಣೇಶನೇ. ಇದು ತಮಾಷೆಯ ಮಾತಲ್ಲ. ಎನ್‌ಎಫ್‌ಎಸ್-ಗಣೇಶ ಎಂಬ ಸರ್ವರ್ ತಂತ್ರಾಂಶವಿದೆ. ಅದು ಹುಟ್ಟಿದ್ದು ಕೈಲಾಸದಲ್ಲಲ್ಲ, ಫ್ರಾನ್ಸಿನ ಪರಮಾಣು ಶಕ್ತಿ ಸಂಸ್ಥೆ ಸಿಇಎಯಲ್ಲಿ. ಅದರ ಬೆನ್ನಿಗೆ ಡಿಸ್ಕುಗಳನ್ನು ಹಂಚಿಕೊಡುವ ಗ್ಲಸ್ಟರ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಕಟ್ಟುವುದುಂಟು, ಗ್ಲಸ್ಟರಿನ ಬಹುಪಾಲು ಕೆಲಸ ನಡೆದದ್ದು ಬೆಂಗಳೂರಿನಲ್ಲಿ; 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಕೊಂಡಿತು. ಫ್ರೆಂಚರು ಗಣೇಶನನ್ನು ಕಳಿಸಿದರು, ಬೆಂಗಳೂರಿನವರು ಪೀಠ ಕೊಟ್ಟರು ಎನ್ನಬಹುದು. ವ್ಯಾಸರು ಹೇಳುತ್ತ ಹೋದ ಭಾರತವನ್ನು ಬರೆದುಕೊಳ್ಳಲು ಕೂತ ಗಣಪತಿ, ನಡುವೆ ನಿಲ್ಲಿಸಬಾರದು ಎಂದು ಷರತ್ತು ಹಾಕಿದನಂತೆ. ಅರ್ಥವಾಗದೆ ಬರೆಯಬಾರದು ಎಂದು ವ್ಯಾಸರು ಮರುಷರತ್ತು ಹಾಕಿದರಂತೆ. ಎನ್‌ಎಫ್‌ಎಸ್ಸಿನಲ್ಲಿ 'ಸಿಂಕ್' ಎಂದು ಒಂದು ಆಯ್ಕೆ ಇದೆ: ಡಿಸ್ಕಿನ ಮೇಲೆ ನಿಜವಾಗಿ ಮೂಡಿದ ಮೇಲೆಯೇ 'ಬರೆದೆ' ಎನ್ನಬೇಕು. 'ಎಸಿಂಕ್' ಎಂದು ಹಾಕಿದರೆ ಬರೆಯುವ ಮೊದಲೇ 'ಬರೆದೆ' ಎನ್ನಬಹುದು, ವೇಗ ಹೆಚ್ಚು, ಕರೆಂಟು ಹೋದರೆ ಒಂದು ಪರ್ವವೇ ಹೋಗುತ್ತದೆ. ವ್ಯಾಸರು ಯಾವುದನ್ನು ಆರಿಸಿಕೊಂಡರೆಂದು ಹೇಳಬೇಕಾಗಿಲ್ಲ.

ಇನ್ನು ನಿಜವಾದ ತುಂಗಭದ್ರೆಯ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಯಿತು. 33 ಗೇಟುಗಳಲ್ಲಿ ಒಂದು ಕೊಚ್ಚಿ ಹೋಯಿತು. ಮಳೆ ಚೆನ್ನಾಗಿ ಬಂದು ಡ್ಯಾಮು ತುಂಬಿತ್ತು; ಭತ್ತ ನಾಟಿ ಮಾಡಿದವರೆಲ್ಲ ಖುಷಿಯಲ್ಲಿದ್ದರು. ಆ ಒಂದು ಗೇಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ನದೀ ತೀರದ ಊರುಗಳಿಗೆಲ್ಲ ಎಚ್ಚರಿಕೆ. ನಮ್ಮ ಓಣಿಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೇಡವಾದ ಹೊತ್ತಿನಲ್ಲಿ ಬೇಕಾದಷ್ಟು ನೀರು ಮನೆಯ ಹಿಂದೆ ಹರಿದು ಹೋಗುತ್ತಿತ್ತು, ಕಾಲುವೆಗೆ ಮುಂದೆ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿಸಿದರು. ಆ ವರ್ಷ ಮಳೆ ಮತ್ತೆ ಬಂದು ಡ್ಯಾಮು ತುಂಬಿದ್ದು ನಮ್ಮ ಪುಣ್ಯ.

ಆ ದಿನಗಳಲ್ಲಿ ಮಾಮ ದಿನಾ ಸಂಜೆ ನಮ್ಮ ಮನೆಗೆ ಬಂದು ಟಿವಿ ಮುಂದೆ ಕೂರುತ್ತಿದ್ದ. ತುಂಗಾ, ಭದ್ರಾ ಎರಡೂ ಪಕ್ಕದಲ್ಲಿ ಮಿಣುಕುತ್ತಿದ್ದವು. "ಗೇಟ್ ಮೂವತ್ಮೂರು ಅದಾವ, ಬದಲಿ ಗೇಟ್ ಒಂದು ಇಡ್ಲಿಲ್ಲಲ್ಲ" ಎಂದು ಅವನು ಗೊಣಗಿದ. ನನಗೆ ಸ್ವಲ್ಪ ಹೆಮ್ಮೆಯಾಗಿ ನನ್ನ ಯಂತ್ರಗಳನ್ನು ತೋರಿಸಿ, ನೋಡು, ನನ್ನ ಹತ್ತಿರ ಬದಲಿ ಇದೆ ಎಂದೆ. ಮಾಮ ಎರಡನ್ನೂ ದಿಟ್ಟಿಸಿ ನೋಡಿದ. ರೈತರು ಎತ್ತು ಕೊಳ್ಳುವ ಮೊದಲು ನೋಡುವ ನೋಟ ಅದು. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಲಸ್ಕರ್ ಇಬ್ರು ಇದ್ರು ಅಂತ ಇಟ್ಕ. ಒಬ್ಬ ಸತ್ರ ಇನ್ನೊಬ್ಬ ತೂಬು ನೋಡ್ಬೇಕು. ಸರಿ. ಇಬ್ರೂ ಬದುಕ್ಯಾರ, ಫೋನ್ ಮಾತ್ರ ಸತ್ತೈತಿ. ಅವ ಸತ್ತಾನ ಅಂತ ಇವ, ಇವ ಸತ್ತಾನ ಅಂತ ಅವ. ಅವಾಗ?"

ಈ ಪ್ರಶ್ನೆಗೆ ಸ್ಪ್ಲಿಟ್ ಬ್ರೇನ್ ಎಂದು ಹೆಸರು, ಇದರ ಮೇಲೆ ನಮ್ಮವರು ದೊಡ್ಡ ಸಮ್ಮೇಳನಗಳಲ್ಲಿ ಭಾಷಣ ಮಾಡುತ್ತಾರೆ. ಇಬ್ಬರೂ ಒಟ್ಟಿಗೆ ಕೈ ಎತ್ತಿ ಒಬ್ಬರ ತಲೆಗೊಬ್ಬರು ಗುಂಡಿಡುವುದೂ ಉಂಟು. ಆಗ ಕ್ಲಸ್ಟರಿನಲ್ಲಿ ಉಳಿಯುವುದು ಫ್ಯಾನಿನ ಗಾಳಿ ಮಾತ್ರ. ಇಬ್ಬರ ಜಗಳ ಇಬ್ಬರಿಂದ ತೀರುವುದಿಲ್ಲ, ಮೂರನೆಯವನೊಬ್ಬ ಬೇಕು ಎಂದೆ. ಮಾಮ ಹಾಗಾದರೆ ಅವನೆಲ್ಲಿ ಎಂದ. ಮರುವಾರ ಬೆಂಗಳೂರಿನಿಂದ ಬರುವಾಗ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದೆ. ಅಂಗೈಯಗಲದ ಹಲಗೆ, ಡಿಸ್ಕಿಲ್ಲ, ಫ್ಯಾನಿಲ್ಲ. ಅದು ಕಡತ ಇಟ್ಟುಕೊಳ್ಳುವುದಿಲ್ಲ, ಹಂಚುವುದಿಲ್ಲ. ತುಂಗಾ ಮತ್ತು ಭದ್ರಾ ಮಾತು ಬಿಟ್ಟಾಗ ಯಾರ ಕಡೆ ನಿಲ್ಲಬೇಕೆಂದು ಒಂದು ಮತ ಹಾಕುವುದಷ್ಟೇ ಅದರ ಕೆಲಸ. ಮೂರರಲ್ಲಿ ಎರಡು ಮತ ಇದ್ದವರು ಮುಂದುವರಿಯಬೇಕು, ಒಂಟಿ ಉಳಿದವರು ತಾವಾಗಿಯೇ ಕೈ ಬಿಡಬೇಕು. ಅದಕ್ಕೆ ಹಗರಿ ಎಂದು ಹೆಸರಿಟ್ಟೆ. ವೇದಾವತಿ ಎಂಬ ದೊಡ್ಡ ಹೆಸರಿದ್ದರೂ ನಮಗೆ ಅವಳು ಹಗರಿಯೇ. ವರ್ಷದ ಬಹುಪಾಲು ಮರಳು, ಮಳೆ ಬಂದಾಗ ಮಾತ್ರ ಹೊಳೆ, ಆದರೂ ನಮ್ಮ ಸೀಮೆಯಲ್ಲೇ ತುಂಗಭದ್ರೆಯನ್ನು ಸೇರುತ್ತಾಳೆ.

ಅವ್ವನ ಕರೆಂಟ್ ಬಿಲ್ಲಿನ ದೂರಿಗೂ ಒಂದು ಪರಿಹಾರ ಮಾಡಿದೆ. ಕುಂತವರಿಗೂ ಕೆಲಸ ಹಂಚಿದೆ. ಆಫೀಸಿನ ಪ್ರಯೋಗಗಳು ತುಂಗೆಯ ಪಾಲು. ಮನೆಯ ಫೋಟೊ, ಅವ್ವನ ಭಜನೆಯ ರೆಕಾರ್ಡಿಂಗು, ಅಪ್ಪನ ಕಾಲದ ಜಮೀನಿನ ಕಾಗದಗಳ ಸ್ಕ್ಯಾನ್ ಪ್ರತಿಗಳು ಭದ್ರೆಯ ಪಾಲು. ಒಬ್ಬರು ಬಿದ್ದರೆ ಇನ್ನೊಬ್ಬರು ಎರಡನ್ನೂ ಹೊರುತ್ತಾರೆ. ಆ್ಯಕ್ಟಿವ್-ಆ್ಯಕ್ಟಿವ್ ಎನ್ನುವ ಈ ಏರ್ಪಾಟಿಗೆ ಎರಡು ತೇಲುವ ವಿಳಾಸಗಳು ಬೇಕು, ಎರಡು ಗುರುತಿನ ಸಂಖ್ಯೆಗಳು ಬೇಕು, ಇಬ್ಬರೂ ಅರ್ಧ ಹೊಟ್ಟೆಯಲ್ಲಿ ದುಡಿಯಬೇಕು. ಪೂರ್ತಿ ದುಡಿಸಿದರೆ ಒಬ್ಬರ ಹೊರೆ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಇದನ್ನು ಕೇಳಿ ಅವ್ವನಿಗೆ ಸಮಾಧಾನವಾಯಿತು. ಈಗ ಇಬ್ಬರೂ ದುಡಿಯುವುದರಿಂದ ಸ್ವಿಚ್ಚು ಆರಿಸುವ ಪ್ರಮೇಯವಿಲ್ಲವೆಂದು ತಾನೇ ಹೇಳಿದಳು. ಆಮೇಲೆ ಅವಳ ಕಣ್ಣು ಗೂಡಿನಲ್ಲಿ ಹಸಿರು ದೀಪ ಮಿಣುಕಿಸುತ್ತಿದ್ದ ಹಗರಿಯ ಮೇಲೆ ಬಿತ್ತು.

"ಇದೇನ್ ಮಾಡ್ತೈತಿ?"

"ಓಟ್ ಹಾಕ್ತೈತಬೇ."

"ಮತ್ತ?"

"ಮತ್ತೇನಿಲ್ಲ. ಓಟಷ್ಟೇ."

ಅವ್ವ ಸೆರಗಿನಿಂದ ಹಗರಿಯ ಮೇಲಿನ ಧೂಳು ಒರೆಸಿದಳು. "ಓಟು ಐದು ವರ್ಷಕ್ಕೊಮ್ಮೆ ಅಲ್ಲೇನು?" ಎಂದಳು. "ಅಲ್ಲಿತನ ಆರಿಸಿಡು."